ಎಣಿಸಲಾರದ ಗಣಕ: ಪಿಡಿಪಿ-14ರ ಪೆಟ್ಟಿಗೆಗಳು ಮತ್ತು ತೋಟದ ಸ್ಟಾರ್ಟರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಅಡಿಕೆ ತೋಟದ ಪಂಪ್ ಶೆಡ್ಡಿನ ಗೋಡೆಗೆ ಬಡಿದ ಸ್ಟಾರ್ಟರಿಗೆ ನೆನಪಿದೆ ಎಂದರೆ ತೋಟದವರು ನಕ್ಕಾರು. ಆದರೆ ಹಸಿರು ಬಟನ್ ಒತ್ತಿ ಬೆರಳು ತೆಗೆದ ಮೇಲೂ ಪಂಪು ಓಡುತ್ತಲೇ ಇರುತ್ತದಲ್ಲ, ಅದು ಹೇಗೆ? ಬಟನ್ ಒತ್ತಿದ ಕ್ಷಣ ಕಾಯಿಲ್‌ಗೆ ಕರೆಂಟ್ ಹರಿದು ಕಾಂಟ್ಯಾಕ್ಟರ್ ಒಳಕ್ಕೆ ಎಳೆದುಕೊಳ್ಳುತ್ತದೆ. ಜೊತೆಗೇ ಪಕ್ಕದ ಒಂದು ಚಿಕ್ಕ ಕಾಂಟ್ಯಾಕ್ಟೂ ಕೂಡಿಕೊಂಡು, ಅದೇ ಕಾಯಿಲ್‌ಗೆ ಇನ್ನೊಂದು ದಾರಿಯಿಂದ ಕರೆಂಟ್ ಕೊಡುತ್ತದೆ. ವಯರ್‌ಮ್ಯಾನ್‌ಗಳು ಇದನ್ನು ಹೋಲ್ಡಿಂಗ್ ಎನ್ನುತ್ತಾರೆ. ಇದು ಒಂದು ಬಿಟ್‌ನ ಸ್ಮೃತಿ. ಕೈಗಾರಿಕಾ ಗಣಕದ ಚರಿತ್ರೆಯಲ್ಲಿ ಬರುವ ಒಂದು ವಿಚಿತ್ರ ಯಂತ್ರವನ್ನು ಓದಲು ಇದಕ್ಕಿಂತ ಒಳ್ಳೆಯ ಕೀಲಿ ನನಗೆ ಸಿಕ್ಕಿಲ್ಲ.

ಆ ಯಂತ್ರ ಅಮೆರಿಕದ ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಪಿಡಿಪಿ-14. 1968ರಲ್ಲಿ ಜನರಲ್ ಮೋಟಾರ್ಸ್‌ನ ಹೈಡ್ರಾಮ್ಯಾಟಿಕ್ ವಿಭಾಗ, ರಿಲೇ ತುಂಬಿದ ಬೀರುಗಳ ಬದಲಿಗೆ ನಿಲ್ಲಬಲ್ಲ ನಿಯಂತ್ರಕ ಬೇಕೆಂದು ಕೇಳಿತು. ಮಾದರಿ ಬದಲಾದಾಗಲೆಲ್ಲ ಬೀರುಗಳ ವಯರಿಂಗ್ ಕಿತ್ತು ಹೊಸದಾಗಿ ಕಟ್ಟುವುದು ಅವರಿಗೆ ಸಾಕಾಗಿತ್ತು. 1969ರಲ್ಲಿ ಬಂದ ಉತ್ತರಗಳಲ್ಲಿ ಪಿಡಿಪಿ-14 ಒಂದು, ಡಿಕ್ ಮೋರ್ಲಿಯವರ ತಂಡದ ಮೋಡಿಕಾನ್ 084 ಇನ್ನೊಂದು.

ಪಿಡಿಪಿ-14 ಅನ್ನು ಮಿನಿ ಕಂಪ್ಯೂಟರುಗಳ ಸಾಲಿಗೆ ಸೇರಿಸುವುದು ರೂಢಿ. ಕನ್ನಡದಲ್ಲಿ ಗಣಕ ಎಂದೊಡನೆ ಮಾತ್ರ ತೊಡಕು. ಗಣಕ ಎಂದರೆ ಎಣಿಸುವುದು. ಇದಕ್ಕೆ ಎರಡು ಸಂಖ್ಯೆ ಕೂಡಿಸುವ ಆದೇಶವೇ ಇಲ್ಲ. ಪದದ ಉದ್ದ 12 ಬಿಟ್ ಆದರೂ ತೀರ್ಮಾನಕ್ಕೆ ಇರುವುದು ಒಂದೇ ಬಿಟ್‌ನ ಒಂದು ಧ್ವಜ. ಹೌದೇ, ಅಲ್ಲವೇ ಎಂದು ಕೇಳುವುದು, ಉತ್ತರಕ್ಕೆ ತಕ್ಕಂತೆ ಜಿಗಿಯುವುದು, ಏನನ್ನಾದರೂ ಹಚ್ಚುವುದು ಅಥವಾ ಆರಿಸುವುದು: ಇಷ್ಟೇ ಅದರ ಬಾಳು.

ಹೊರಗಿನೊಡನೆ ವ್ಯವಹಾರವೆಲ್ಲ ಪೆಟ್ಟಿಗೆಗಳ ಮೂಲಕ. ಐ-ಬಾಕ್ಸ್ ಕೇಳಿಸಿಕೊಳ್ಳುವ ಪೆಟ್ಟಿಗೆ: ಲಿಮಿಟ್ ಸ್ವಿಚ್, ಬಟನ್‌ಗಳಿಂದ ಬರುವ 120 ವೋಲ್ಟ್ ಎ.ಸಿ.ಯನ್ನು ಯಂತ್ರಕ್ಕೆ ತಿಳಿಯುವ ಸಣ್ಣ ವೋಲ್ಟೇಜಿಗೆ ಇಳಿಸಿಕೊಡುತ್ತದೆ. ಓ-ಬಾಕ್ಸ್ ಮಾಡಿಸುವ ಪೆಟ್ಟಿಗೆ: ಸೊಲೆನಾಯ್ಡ್, ಮೋಟಾರು ಸ್ಟಾರ್ಟರುಗಳನ್ನು ಹಚ್ಚುತ್ತದೆ. ಇವುಗಳ ಹಿಂದೆ ಇದ್ದದ್ದು ಡಿಜಿಟಲ್ ಸಂಸ್ಥೆಯ ಕೆ-ಸರಣಿಯ ಮಾಡ್ಯೂಲುಗಳ ಅನುಭವ. ಅವು ಬೇಕೆಂದೇ ನಿಧಾನ. ದೊಡ್ಡ ಮೋಟಾರು ಹತ್ತುವಾಗ, ಆರುವಾಗ ತಂತಿಯಲ್ಲಿ ಏಳುವ ಗದ್ದಲ ಚುರುಕು ಸರ್ಕ್ಯೂಟನ್ನು ಮೋಸಗೊಳಿಸುತ್ತದೆ. ಮಂದಗತಿಯದು ಅದನ್ನು ಗಮನಿಸುವುದೇ ಇಲ್ಲ. ಮಂದಬುದ್ಧಿಗೂ ಉಪಯೋಗವಿದೆ.

ನನ್ನ ಆಸಕ್ತಿ ಮೂರನೆಯದಾದ ಎಸ್-ಬಾಕ್ಸ್‌ನಲ್ಲಿ. ಇದು ಸಂಗ್ರಹದ ಪೆಟ್ಟಿಗೆ. ಇದರ ಔಟ್‌ಪುಟ್‌ಗಳಿಗೆ ಯಾವ ಮೋಟಾರೂ ಜೋಡಿಸಿರುವುದಿಲ್ಲ. ಪ್ರೋಗ್ರಾಂ ಹಚ್ಚುತ್ತದೆ, ಆಮೇಲೆ ಹಚ್ಚಿದ್ದೇನೆಯೇ ಎಂದು ತಾನೇ ನೋಡಿಕೊಳ್ಳುತ್ತದೆ. ಇದರ ಅಗತ್ಯ ಟ್ಯಾಂಕಿ ನೋಡಿದರೆ ತಿಳಿಯುತ್ತದೆ. ಟ್ಯಾಂಕಿಯ ತಳದಲ್ಲೊಂದು, ಮೇಲೊಂದು ಸಂವೇದಕ. ನೀರು ತಳಕ್ಕಿಳಿದರೆ ಪಂಪು ಹತ್ತಬೇಕು, ಮೇಲಕ್ಕೆ ಮುಟ್ಟಿದರೆ ನಿಲ್ಲಬೇಕು. ನಡುಮಟ್ಟದಲ್ಲಿದ್ದರೆ? ನೀರು ಏರುತ್ತಿದ್ದರೆ ಓಡಬೇಕು, ಇಳಿಯುತ್ತಿದ್ದರೆ ಸುಮ್ಮನಿರಬೇಕು. ಎರಡೂ ಸಂದರ್ಭಗಳಲ್ಲಿ ಸಂವೇದಕಗಳು ಹೇಳುವುದು ಅದೇ ಮಾತು, ಕೊಡಬೇಕಾದ ಉತ್ತರ ಮಾತ್ರ ಬೇರೆ. ಹಿಂದೆ ಏನಾಗಿತ್ತೆಂಬುದನ್ನು ಇಟ್ಟುಕೊಳ್ಳದ ಯಂತ್ರ ಇಲ್ಲಿ ಸೋಲುತ್ತದೆ.

ಈಗ ನಮ್ಮ ಸ್ಟಾರ್ಟರನ್ನೇ ಪಿಡಿಪಿ-14ರ ಭಾಷೆಯಲ್ಲಿ ಬರೆಯೋಣ. ಇನ್‌ಪುಟ್‌ಗಳಿಗೆ ಎಕ್ಸ್, ಔಟ್‌ಪುಟ್‌ಗಳಿಗೆ ವೈ ಎಂದು ಹೆಸರು. ಎಕ್ಸ್1 ಹಸಿರು ಬಟನ್, ಎಕ್ಸ್2 ಒತ್ತದಿದ್ದಾಗ ಕೂಡಿಕೊಂಡೇ ಇರುವ ಕೆಂಪು ಬಟನ್, ವೈ1 ಕಾಂಟ್ಯಾಕ್ಟರ್. ಮೊದಲು ಟಿಎಕ್ಸ್‌ಎಫ್ 2: ಎಕ್ಸ್2 ಆರಿದೆಯೇ? ಹೌದಾದರೆ ಜೆಎಫ್‌ಎನ್ ಆದೇಶದಿಂದ ಆರಿಸುವ ಕಡೆಗೆ ಜಿಗಿತ. ಬಳಿಕ ಟಿಎಕ್ಸ್‌ಎನ್ 1, ಟಿವೈಎನ್ 1: ಬಟನ್ ಒತ್ತಿದೆಯೇ, ಇಲ್ಲವೇ ಪಂಪು ಆಗಲೇ ಓಡುತ್ತಿದೆಯೇ? ಎರಡರಲ್ಲಿ ಒಂದು ಹೌದಾದರೂ ಧ್ವಜ ಏಳುತ್ತದೆ. ಎದ್ದಿದ್ದರೆ ಎಸ್‌ವೈಎನ್ 1, ಹಚ್ಚು. ಇಲ್ಲವಾದರೆ ಎಸ್‌ವೈಎಫ್ 1, ಆರಿಸು. ಟಿವೈಎನ್ 1 ಎಂಬ ಆ ಒಂದು ಸಾಲೇ ಹೋಲ್ಡಿಂಗ್ ಕಾಂಟ್ಯಾಕ್ಟ್. ವ್ಯತ್ಯಾಸ ಒಂದೇ: ಸ್ಟಾರ್ಟರಿನಲ್ಲಿ ಎಲ್ಲವೂ ಏಕಕಾಲಕ್ಕೆ ನಡೆಯುತ್ತದೆ, ಇಲ್ಲಿ ಸಾಲು ಸಾಲಾಗಿ, ಮುಗಿದೊಡನೆ ಮತ್ತೆ ಮೊದಲಿನಿಂದ. ಎರಡು ಬಟನ್ ಒಟ್ಟಿಗೆ ಒತ್ತಿದರೆ ಕೆಂಪೇ ಗೆಲ್ಲಬೇಕೆಂಬುದನ್ನು ಇಲ್ಲಿ ಪ್ರೋಗ್ರಾಂ ಬರೆದವನು ನೋಡಿಕೊಳ್ಳಬೇಕು.

ಇನ್ನೊಂದು ಸಂಗ್ರಹವೂ ಇತ್ತು, ಪ್ರೋಗ್ರಾಂ ಇರುವ ಸ್ಮೃತಿ. ಅದನ್ನು ತಂತಿಯಿಂದ ಹೆಣೆಯುತ್ತಿದ್ದರು. ತಂತಿ ಒಂದು ಕಾಂತೀಯ ಕೋರಿನ ಒಳಗಿಂದ ಹಾದರೆ ಒಂದು ಬಿಟ್, ಹೊರಗಿಂದ ಹಾದರೆ ಅದರ ವಿರುದ್ಧ ಬಿಟ್. ಪ್ರೋಗ್ರಾಂ ಅನ್ನು ಅದೇ ಸಂಸ್ಥೆಯ ಪಿಡಿಪಿ-8 ಗಣಕದಲ್ಲಿ ಬರೆದು ಪರೀಕ್ಷಿಸಿ, ಕೊನೆಗೆ ಹೆಣಿಗೆಗೆ ಕೊಡಬೇಕು. ಕರೆಂಟ್ ಹೋದರೂ, ಗದ್ದಲವಾದರೂ ಅದು ಅಳಿಯದು. ತಪ್ಪು ಸೇರಿದ್ದರೆ ತಪ್ಪೂ ಅಳಿಯದು. ವಯರಿಂಗ್ ಕಿತ್ತು ಕಟ್ಟುವ ಕಷ್ಟ ತಪ್ಪಿಸಲು ಬಂದ ಯಂತ್ರ ಆ ಕಷ್ಟವನ್ನು ಇನ್ನೂ ಸಣ್ಣ ತಂತಿಗೆ ಇಳಿಸಿತು ಅಷ್ಟೆ. ನನ್ನ ಎಣಿಕೆಯಲ್ಲಿ ಪಿಡಿಪಿ-14 ಹಿಂದೆ ಬಿದ್ದದ್ದು ಇಲ್ಲೇ. ಮೋಡಿಕಾನ್, ಕಾರ್ಖಾನೆಯ ಎಲೆಕ್ಟ್ರಿಷಿಯನ್ನರು ಬಲ್ಲ ಏಣಿಯಾಕಾರದ ನಕ್ಷೆಯನ್ನೇ ಭಾಷೆಯಾಗಿಸಿಕೊಂಡಿತು. ಸ್ಥಳದಲ್ಲೇ ತಿದ್ದಲೂ ಬಂತು. ಡಿಜಿಟಲ್ ಸಂಸ್ಥೆಯೂ ಇದೇ ಸಾಲಿನ ಮುಂದಿನ ಮಾದರಿಗಳಲ್ಲಿ ಬದಲಿಸಬಹುದಾದ ಕೋರ್ ಸ್ಮೃತಿಗೆ ಹೋಯಿತು.

ಹೋಲ್ಡಿಂಗ್‌ನ ನೆನಪಾದರೋ ಕರೆಂಟ್ ಹೋದೊಡನೆ ಅಳಿಯುತ್ತದೆ. ಇದು ದೋಷವಲ್ಲ, ಬೇಕೆಂದೇ ಇಟ್ಟ ಮರೆವು. ಕರೆಂಟ್ ಹೋದಾಗ ಮೋಟಾರಿನ ಬೆಲ್ಟಿಗೆ ಕೈಹಾಕಿದವರಿದ್ದರೆ, ಮರಳಿ ಬಂದಾಗ ಅದು ತಾನಾಗಿ ತಿರುಗಬಾರದು. ತೋಟದವರ ಲೆಕ್ಕ ಬೇರೆ. ತ್ರೀ ಫೇಸ್ ಬರುವುದು ಗೊತ್ತಾದ ಕೆಲವು ಗಂಟೆ, ಅದೂ ಒಮ್ಮೊಮ್ಮೆ ನಡುರಾತ್ರಿ. ಹಸಿರು ಬಟನ್ ಒತ್ತಲು ಟಾರ್ಚ್ ಹಿಡಿದು ಕೆರೆಯ ತನಕ ಇಳಿಯುವವರು ಯಾರು? ಅದಕ್ಕೇ ಆಟೋ ಸ್ಟಾರ್ಟರು. ಕರೆಂಟ್ ಬಂದು ಕೆಲವು ಸೆಕೆಂಡು ಕಾದು ಅದು ತಾನೇ ಬಟನ್ ಒತ್ತಿದಂತೆ ಮಾಡುತ್ತದೆ. ಅದು ನೆನಪಿಟ್ಟದ್ದೇನೂ ಇಲ್ಲ. ನಿನ್ನೆ ಪಂಪು ಓಡುತ್ತಿತ್ತೋ ಇಲ್ಲವೋ ಅದಕ್ಕೆ ತಿಳಿಯದು, ಬಂದಾಗಲೆಲ್ಲ ಓಡಿಸುವುದೊಂದೇ ಅದಕ್ಕೆ ಗೊತ್ತು.

ಈ ನಿಯಂತ್ರಕಗಳ ಇಂದಿನ ರೂಪವಾದ ಪಿಎಲ್‌ಸಿಗಳಲ್ಲಿ ಮಿತ್ಸುಬಿಷಿ, ಡೆಲ್ಟಾದವು ಇನ್‌ಪುಟ್‌ಗೆ ಎಕ್ಸ್, ಔಟ್‌ಪುಟ್‌ಗೆ ವೈ ಎಂದೇ ಬರೆಯುತ್ತವೆ. ಒಳಗೇ ಉಳಿದು ಹೊರಗೆ ಕಾಣದ ಬಿಟ್‌ಗೆ ಎಮ್. ಬೀಜಗಣಿತದ ಹಳೆಯ ರೂಢಿ ಎಲ್ಲರದೂ ಆದ್ದರಿಂದ ಅಕ್ಷರಸಾಮ್ಯದಿಂದ ವಂಶಾವಳಿ ಕಟ್ಟಲಾಗದು. ಆದರೆ ಆ ಎಮ್ ಮಾಡುವ ಕೆಲಸ ಎಸ್-ಬಾಕ್ಸ್‌ನದೇ. ಪಿಎಲ್‌ಸಿ ಕಲಿಯಲು ಕುಳಿತವರು ಮೊದಮೊದಲು ಬರೆಯುವ ನಕ್ಷೆ ಒಂದು ಹಸಿರು ಬಟನ್, ಒಂದು ಕೆಂಪು ಬಟನ್, ಅವುಗಳ ಪಕ್ಕದಲ್ಲಿ ಹೋಲ್ಡಿಂಗ್.