ಭರವಸೆಯ ಮೇಲೆ ಹೊರಿಸಿದ ಕೆಲಸ

ವಾಸಿಯಾಯಿತು ಎಂದುಕೊಂಡ ಕ್ಯಾನ್ಸರ್ ಮತ್ತೆ ಕಾಣಿಸಿಕೊಂಡಾಗ ರೋಗಿಯ ಕಿವಿಗೆ ಹೆಚ್ಚಾಗಿ ಬೀಳುವುದು ‘ಧೈರ್ಯ ಬಿಡಬೇಡಿ’ ಎಂಬ ಮಾತು. ಒಳ್ಳೆಯ ಮಾತೇ. ಆದರೆ ಧೈರ್ಯವಿದ್ದವರು ಉಳಿಯುತ್ತಾರೆ, ಕುಗ್ಗಿದವರು ಹೋಗುತ್ತಾರೆ ಎಂಬ ಇನ್ನೊಂದು ಮಾತೂ, ಯಾರೂ ಬಾಯಿಬಿಟ್ಟು ಹೇಳದಿದ್ದರೂ, ಅದರ ಬೆನ್ನಿಗೇ ಬರುತ್ತದೆ. ಈ ಎರಡನೆಯ ಮಾತಿಗೆ ವಿಜ್ಞಾನದ ಮುದ್ರೆ ಬಿದ್ದದ್ದು 1970-80ರ ದಶಕಗಳಲ್ಲಿ; ಆ ಮುದ್ರೆ ಅಳಿಸಲು ಮತ್ತೆ ಇಪ್ಪತ್ತು ವರ್ಷ ಹಿಡಿಯಿತು. ಈ ಚರಿತ್ರೆಯ ನಡುಮಧ್ಯೆ ನಿಂತಿರುವುದು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದ ವಾರದ ಕೂಟಗಳು. ಸ್ತನ ಕ್ಯಾನ್ಸರ್ ದೇಹದ ಬೇರೆ ಭಾಗಗಳಿಗೆ ಹರಡಿದ್ದ ಹೆಂಗಸರು ಅಲ್ಲಿ ಸೇರುತ್ತಿದ್ದರು. ಭರವಸೆಗೆ ಔಷಧಿಯ ಕೆಲಸ ಹೊರಿಸಿದ್ದೂ, ಕೊನೆಗೆ ಆ ಕೆಲಸದಿಂದ ಅದನ್ನು ಬಿಡಿಸಿದ್ದೂ ಈ ಕೂಟಗಳ ಕಥೆಯೇ. ಬಿಡಿಸಿದ್ದರಿಂದ ರೋಗಿಗಳಿಗೆ ನಷ್ಟವಾಗಲಿಲ್ಲ, ಲಾಭವೇ ಆಯಿತು ಎಂಬುದು ನನ್ನ ವಾದ.

ಅದಕ್ಕೂ ಹಿಂದೆ ಅಮೆರಿಕದಲ್ಲಿ ರೂಢಿಯಲ್ಲಿದ್ದದ್ದು ಮೌನ. 1961ರಲ್ಲಿ ಡೊನಾಲ್ಡ್ ಓಕನ್ ಷಿಕಾಗೋದ ಒಂದು ಆಸ್ಪತ್ರೆಯ 219 ವೈದ್ಯರನ್ನು ವಿಚಾರಿಸಿದಾಗ, ಸುಮಾರು ಶೇಕಡ 90 ಮಂದಿ ಕ್ಯಾನ್ಸರ್ ಇದೆಯೆಂದು ರೋಗಿಗೆ ಹೇಳದಿರುವುದೇ ತಮ್ಮ ಪದ್ಧತಿ ಎಂದಿದ್ದರು. ಆಸೆ ಕಳೆದುಕೊಳ್ಳುತ್ತಾರೆ ಎಂಬುದೇ ಅವರ ಭಯ. ಇಂಥ ಕಾಲದ ಬೆನ್ನಲ್ಲೇ, 1970ರ ದಶಕದಲ್ಲಿ, ಸ್ಟ್ಯಾನ್‌ಫರ್ಡಿನ ಮನೋವೈದ್ಯ ಇರ್ವಿನ್ ಯಾಲಮ್ ಸಾವಿನ ಅಂಚಿನಲ್ಲಿದ್ದ ಕ್ಯಾನ್ಸರ್ ರೋಗಿಗಳನ್ನು ಒಟ್ಟಿಗೆ ಕೂರಿಸಿ ಮಾತನಾಡಿಸತೊಡಗಿದರು. ಅವರ ಕಿರಿಯ ಸಹೋದ್ಯೋಗಿ ಡೇವಿಡ್ ಸ್ಪೀಗಲ್ ಅದನ್ನು ಶಾಸ್ತ್ರೀಯ ಪ್ರಯೋಗವಾಗಿ ಬೆಳೆಸಿದರು. ಕೂಟದಲ್ಲಿ ಸಮಾಧಾನದ ಮಾತಿಗೆ ಹೆಚ್ಚು ಜಾಗವಿರಲಿಲ್ಲ. ಸಾವು, ಗಂಡನ ಮೌನ, ಮಕ್ಕಳಿಗೆ ಏನು ಹೇಳುವುದು, ಡಾಕ್ಟರನ್ನು ಹೇಗೆ ಕೇಳುವುದು, ಇವೇ ವಿಷಯ. ಕೂಟದವರೊಬ್ಬರು ತೀರಿಕೊಂಡರೆ ಉಳಿದವರು ಅದನ್ನು ಮುಚ್ಚಿಡದೆ ದುಃಖಿಸುತ್ತಿದ್ದರು. ನೋವು ತಡೆಯಲು ಸ್ವಸಮ್ಮೋಹನವನ್ನೂ ಕಲಿಸುತ್ತಿದ್ದರು. ಒಬ್ಬರ ಸಾವನ್ನು ಕಂಡು ಉಳಿದವರು ಎದೆಗುಂದುತ್ತಾರೆ ಎಂಬ ಆತಂಕ ಸಹಜವಾಗಿತ್ತು. ಆದರೆ 1981 ಮತ್ತು 1983ರಲ್ಲಿ ಪ್ರಕಟವಾದ ಫಲಿತಾಂಶ ತಿರುವುಮುರುವು: ಕೂಟಕ್ಕೆ ಬಂದವರಲ್ಲಿ ಅಂಜಿಕೆ, ಉದ್ವೇಗ, ನೋವು ಎಲ್ಲವೂ ಬಾರದವರಿಗಿಂತ ಕಡಿಮೆ ಇದ್ದವು. ನನ್ನ ಲೆಕ್ಕದಲ್ಲಿ ಇದೇ ದೊಡ್ಡ ಸಂಶೋಧನೆ. ಜಗತ್ತು ಮಾತ್ರ ಇದನ್ನು ಅಷ್ಟಾಗಿ ಗಮನಿಸಲಿಲ್ಲ.

ಜಗತ್ತು ಬೇರೆ ಸುದ್ದಿಗೆ ಕಾಯುತ್ತಿತ್ತು. 1978ರಲ್ಲಿ ಬಂದ ಸೈಮಂಟನ್ ದಂಪತಿಯ ಪುಸ್ತಕ, ಬಿಳಿ ರಕ್ತಕಣಗಳು ಕ್ಯಾನ್ಸರನ್ನು ನಾಶಮಾಡುವುದನ್ನು ಮನಸ್ಸಿನಲ್ಲೇ ಚಿತ್ರಿಸಿಕೊಳ್ಳಿ ಎಂದು ಹೇಳಿಕೊಟ್ಟಿತು. ಮರುವರ್ಷ ಲಂಡನ್ನಿನ ಸ್ಟೀವನ್ ಗ್ರೀರ್ ತಂಡ 69 ಹೆಂಗಸರನ್ನು ಗಮನಿಸಿ, ಹೋರಾಟದ ಮನೋಭಾವವಿದ್ದವರಲ್ಲಿ ಕಾಯಿಲೆ ಮರುಕಳಿಸುವುದು ಕಡಿಮೆ ಎಂದು ವರದಿ ಮಾಡಿತು. ತಾನೇ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದ ಲೇಖಕಿ ಸೂಸನ್ ಸೊಂಟಾಗ್ 1978ರಲ್ಲೇ ಇದರ ಅಪಾಯವನ್ನು ಗುರುತಿಸಿದ್ದರು: ಮನಸ್ಸೇ ರೋಗಕ್ಕೆ ಕಾರಣ ಎಂದರೆ ರೋಗಿಯೇ ತಪ್ಪಿತಸ್ಥೆ ಎಂದ ಹಾಗೆ. ಸ್ಪೀಗಲ್‌ಗೂ ಮನೋಬಲದಿಂದ ಗಡ್ಡೆ ಕರಗುತ್ತದೆ ಎಂಬ ಪ್ರಚಾರ ಸಹ್ಯವಾಗಿರಲಿಲ್ಲ; ಅದನ್ನು ಸುಳ್ಳೆಂದು ತೋರಿಸಲೆಂದೇ ತಮ್ಮ ಹಳೆಯ 86 ರೋಗಿಗಳ ದಾಖಲೆ ತೆಗೆದರು. ಕಂಡದ್ದೇ ಬೇರೆ. 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರು ಪ್ರಕಟಿಸಿದಂತೆ, ಕೂಟಕ್ಕೆ ಬಂದವರು ಸರಾಸರಿ 36.6 ತಿಂಗಳು, ಬಾರದವರು 18.9 ತಿಂಗಳು ಬದುಕಿದ್ದರು. ಅಲ್ಲಿಂದಾಚೆಗೆ ರೋಗಿಗಳು ಕೂಟಕ್ಕೆ ಬರುತ್ತಿದ್ದದ್ದು ಮಾತಿಗಾಗಿಯೋ ಆಯುಸ್ಸಿಗಾಗಿಯೋ ಎಂದು ಬೇರ್ಪಡಿಸುವುದು ಕಷ್ಟವಾಯಿತು.

ವಿಜ್ಞಾನದ ಮರ್ಯಾದೆ ಉಳಿದದ್ದು ಮರುಪರೀಕ್ಷೆಗಳಿಂದ. ಕೆನಡಾದಲ್ಲಿ ಪಮೇಲಾ ಗುಡ್ವಿನ್ ತಂಡ 235 ಹೆಂಗಸರ ಮೇಲೆ ನಡೆಸಿದ ಪ್ರಯೋಗ 2001ರಲ್ಲಿ ಪ್ರಕಟವಾಯಿತು: ಕೂಟಕ್ಕೆ ಬಂದವರು ಬದುಕಿದ್ದು 17.9 ತಿಂಗಳು, ಬಾರದವರು 17.6 ತಿಂಗಳು, ಅಂದರೆ ವ್ಯತ್ಯಾಸವೇ ಇಲ್ಲ. 2007ರಲ್ಲಿ ಆಸ್ಟ್ರೇಲಿಯದಿಂದಲೂ ಅದೇ ಉತ್ತರ ಬಂತು. ಅದೇ ವರ್ಷ ಸ್ಪೀಗಲ್ ತಾವೇ 125 ಮಂದಿಯೊಂದಿಗೆ ಮತ್ತೆ ನಡೆಸಿದ ಪ್ರಯೋಗದಲ್ಲೂ ಒಟ್ಟಾರೆ ಆಯುಸ್ಸು ಹೆಚ್ಚಲಿಲ್ಲ; ಅವರು ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಗ್ರೀರ್ ಕಂಡಿದ್ದ ಹೋರಾಟದ ಮನೋಭಾವದ ಫಲವೂ 1999ರಲ್ಲಿ 578 ಹೆಂಗಸರ ಅಧ್ಯಯನದಲ್ಲಿ ಕಾಣಲಿಲ್ಲ. ಆದರೆ ಕೆನಡಾದಲ್ಲಿ ನೋವು ಮತ್ತು ಸಂಕಟ ತಗ್ಗಿದ್ದು ನಿಜ, ಅದರಲ್ಲೂ ಶುರುವಿನಲ್ಲಿ ತೀರಾ ಬಳಲಿದ್ದವರಲ್ಲಿ.

ಆಕ್ಷೇಪಗಳು ಇವೆ. 1990ರ ಹೊತ್ತಿಗೆ ಔಷಧಿ ಸುಧಾರಿಸಿತ್ತು, ಕ್ಯಾನ್ಸರಿನ ಬಗ್ಗೆ ಜನ ಮನಬಿಚ್ಚಿ ಮಾತನಾಡುತ್ತಿದ್ದರು, ಆದ್ದರಿಂದ ಕೂಟದ ಪ್ರಭಾವ ಕಾಣದೆ ಹೋಗಿರಬಹುದು ಎನ್ನುವವರಿದ್ದಾರೆ. 1999ರ ಅಧ್ಯಯನದಲ್ಲೂ ತೀರಾ ಹತಾಶರಾದವರಿಗೆ ಅಪಾಯ ತುಸು ಹೆಚ್ಚೇ ಇತ್ತು. ಇದನ್ನು ತಳ್ಳಿಹಾಕಲಾರೆ. ಆದರೆ ಹತಾಶೆಗೆ ಚಿಕಿತ್ಸೆ ಬೇಕು ಎನ್ನುವುದಕ್ಕೂ, ಹತಾಶಳಾದ್ದರಿಂದಲೇ ಕಾಯಿಲೆ ಮರಳಿತು ಎನ್ನುವುದಕ್ಕೂ ಅಜಗಜಾಂತರ. ಸುಳ್ಳಾದರೂ ಸರಿ, ನಂಬಿಕೆ ಬಲ ಕೊಡುತ್ತದಲ್ಲ ಎಂಬುದು ಇನ್ನೊಂದು ಮಾತು. ಮೊದಲ ಸಲ ಕಾಯಿಲೆ ಬಂದವರಿಗೆ ಕೊಟ್ಟೀತು. ಮರುಕಳಿಸಿದವರಿಗೆ ಅದೇ ನಂಬಿಕೆ ಆರೋಪಪಟ್ಟಿ: ನೀನು ಸಾಕಷ್ಟು ಧೈರ್ಯವಾಗಿರಲಿಲ್ಲ.

ನಮ್ಮಲ್ಲಿ ಇಂಥ ಮನಬಿಚ್ಚಿದ ಮಾತು ನಡೆಯದು, ಮನೆಯವರು ರೋಗದ ಹೆಸರನ್ನೇ ಹೇಳಗೊಡುವುದಿಲ್ಲ ಎನ್ನುವವರು ಓಕನ್‌ರ 219 ವೈದ್ಯರನ್ನು ನೆನೆಯಬೇಕು. 1979ರಲ್ಲಿ ಅದೇ ಪ್ರಶ್ನೆಗಳನ್ನು ಅಮೆರಿಕದ ವೈದ್ಯರಿಗೆ ಮತ್ತೆ ಕೇಳಿದಾಗ ಶೇಕಡ 97 ಮಂದಿ ಹೇಳುವುದೇ ತಮ್ಮ ಪದ್ಧತಿ ಎಂದರು. ಹದಿನೆಂಟೇ ವರ್ಷಗಳಲ್ಲಿ ರೂಢಿ ಬದಲಾಗಿತ್ತು. ನೋವು ತಡೆಯಲಾಗದವರಿಗೆ ಮಾತಿನ ಕೂಟ ಯಾಕೆ ಎಂಬ ಆಕ್ಷೇಪವೇ ಹೆಚ್ಚು ತೂಕದ್ದು. 1985ರ ಮಾದಕ ವಸ್ತು ಕಾಯ್ದೆಯಿಂದ ಭಾರತದ ರೋಗಿಗಳಿಗೆ ನೋವು ತಗ್ಗಿಸುವ ಮಾರ್ಫಿನ್ ಸಿಗುವುದೇ ದುಸ್ತರವಾಯಿತು. ಕಾನೂನು ಸಡಿಲವಾದದ್ದು 2014ರ ತಿದ್ದುಪಡಿಯಿಂದ. ನೋವು ಇಳಿಯದೆ ಮಾತು ಹೊರಡದು, ನಿಜ. ನೋವು, ಸಂಕಟ ತಗ್ಗಿಸುವ ಉಪಶಮನ ಚಿಕಿತ್ಸೆಯ ಕೇಂದ್ರವಾದ ಬೆಂಗಳೂರಿನ ಕರುಣಾಶ್ರಯ 1999ರಿಂದ ಇಂಥ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಆದರೂ ಉಪಶಮನ ಚಿಕಿತ್ಸೆಯೆಂದರೆ ಆಸೆ ಬಿಟ್ಟ ಹಾಗೆ ಎಂದು ಅಂಜಿ ತಡಮಾಡುವ ಮನೆಗಳುಂಟು. ಸ್ಟ್ಯಾನ್‌ಫರ್ಡಿನ ಹೆಂಗಸರು ಸಾವಿನ ಮಾತನ್ನು ವಾರವಾರವೂ ಆಡಿದರು, ಆದರೆ ಅದಕ್ಕಾಗಿ ತಮ್ಮ ಕ್ಯಾನ್ಸರ್ ಚಿಕಿತ್ಸೆಯನ್ನು ಬಿಡಬೇಕಾಗಿ ಬರಲಿಲ್ಲ; ಎರಡೂ ಜೊತೆಜೊತೆಗೇ ನಡೆದವು.