ಬದುವಿನ ಹೊಂಗೆಗೆ ಬಂದ ಬೆಲೆ

ನಮ್ಮ ಹಾಸನ ಸೀಮೆಯಲ್ಲಿ ಹೊಂಗೆಯನ್ನು ಯಾರೂ ಬೆಳೆ ಎಂದು ಎಣಿಸಿದವರಲ್ಲ. ಸೊಪ್ಪು ಗದ್ದೆಗೆ, ಹಿಂಡಿ ತೋಟಕ್ಕೆ, ಎಣ್ಣೆ ದೀಪಕ್ಕೆ. ಮರ ಮಾತ್ರ ಬದುವಿನಲ್ಲೇ. ಬೇಸಿಗೆಯಲ್ಲಿ ಅಜ್ಜಿ ಒಣಗಿದ ಕಾಯಿಗಳನ್ನು ಕಲ್ಲಿನ ಮೇಲಿಟ್ಟು ಬಡಿಯುತ್ತಿದ್ದರು. ಚಪ್ಪಟೆ ಸಿಪ್ಪೆ ಸೀಳಿ ಕೆಂಗಂದು ಬೀಜವೊಂದು, ಅಪರೂಪಕ್ಕೆ ಎರಡು, ಹೊರಬೀಳುತ್ತಿತ್ತು. ಗಾಣದ ಕಹಿ ಎಣ್ಣೆಯ ಘಾಟು ಕೈ ತೊಳೆದರೂ ಹೋಗುತ್ತಿರಲಿಲ್ಲ. ಸೀಮೆಎಣ್ಣೆ ಬಂತು, ಹೊಂಗೆಣ್ಣೆ ಮೂಲೆ ಸೇರಿತು.

ಅದನ್ನು ಮತ್ತೆ ಹೊರತೆಗೆದವರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಮುಖ್ಯರು. 1990ರ ದಶಕದ ಕೊನೆಯ ಹೊತ್ತಿಗೆ ಅವರ ತಂಡ ಕಗ್ಗನಹಳ್ಳಿ ಎಂಬ ಊರಿನಲ್ಲಿ ಇದೇ ಎಣ್ಣೆಯಿಂದ ಡೀಸೆಲ್ ಜನರೇಟರ್ ಓಡಿಸಿ ಹೊಲಗಳಿಗೆ ನೀರು ಹಾಯಿಸಿತು. 2003ರಲ್ಲಿ ಕೇಂದ್ರದ ಯೋಜನಾ ಆಯೋಗ ಜೈವಿಕ ಡೀಸೆಲ್‌ಗಾಗಿ ಜಟ್ರೋಫಾ ಗಿಡವನ್ನು ಹಿಡಿದೆತ್ತಿತು. ನೀರು, ಗೊಬ್ಬರವಿಲ್ಲದ ಬರಡು ನೆಲದಲ್ಲಿ ಅದು ನಿರೀಕ್ಷಿಸಿದ ಇಳುವರಿ ಕೊಡಲಿಲ್ಲ. ನಮ್ಮ ಮಡೆನೂರಿನ ಜೈವಿಕ ಇಂಧನ ಉದ್ಯಾನ ಮಾತ್ರ ಹೊಂಗೆ, ಹಿಪ್ಪೆ, ಬೇವು, ಸಿಮರೂಬಾಗಳನ್ನು ಬದುವಿಗೇ ಒಯ್ದಿತು. ಅನ್ನದ ನೆಲ ಅನ್ನಕ್ಕೇ ಉಳಿಯಿತು. 2009ರಲ್ಲಿ ರಾಜ್ಯಕ್ಕೆ ಜೈವಿಕ ಇಂಧನ ನೀತಿಯೂ ಬಂತು.

ಎಣ್ಣೆಗೆ ಮೆಥನಾಲ್ ಮತ್ತು ಕ್ಷಾರ ಬೆರೆಸಿ ಕಾಯಿಸಿದರೆ ಗ್ಲಿಸರಿನ್ ತಳಕ್ಕಿಳಿದು ಜೈವಿಕ ಡೀಸೆಲ್ ಮೇಲುಗಡೆ ನಿಲ್ಲುತ್ತದೆ. ಕಷ್ಟವಿರುವುದು ಅಲ್ಲಲ್ಲ, ಮರದ ಬುಡದಲ್ಲಿ. ಬಿಸಿಲಲ್ಲಿ ಬಗ್ಗಿ ಕಾಯಿ ಆಯುವ ಹೆಂಗಸಿಗೆ ದಿನಗೂಲಿಯಷ್ಟಾದರೂ ಗಿಟ್ಟಬೇಕು. ಬೀಜಕ್ಕೆ ಖಾತ್ರಿ ಬೆಲೆ ಕಟ್ಟದೆ ಎಷ್ಟು ಸಸಿ ಹಂಚಿದರೂ ಈ ಕೆಲಸ ನೆಲೆ ನಿಲ್ಲದು.