ಡೇವಿ ದೀಪದ ಹದಿನೆಂಟು ವರುಷ

ಇಂಗ್ಲೆಂಡಿನ ಈಶಾನ್ಯಕ್ಕೆ, ಟೈನ್ ನದಿಯ ತೆಂಕಣ ದಂಡೆಯಲ್ಲಿ ಫೆಲ್ಲಿಂಗ್ ಎಂಬ ಊರು. ಅಲ್ಲಿನ ಕಲ್ಲಿದ್ದಲು ಗಣಿಯಲ್ಲಿ 1812ರ ಮೇ 25ರಂದು ಮಡುಗಟ್ಟಿದ್ದ ಅನಿಲಕ್ಕೆ ಬೆಂಕಿ ತಾಗಿ ಸಿಡಿಯಿತು. ಸತ್ತವರು 92 ಮಂದಿ; ಅವರಲ್ಲಿ ಹತ್ತು ತುಂಬದ ಹುಡುಗರೂ ಇದ್ದರು. ಒಳಗಿನ ಬೆಂಕಿ ಆರಲೆಂದು ಶಾಫ್ಟ್‌ಗಳ, ಅಂದರೆ ಗಣಿಗಿಳಿಯುವ ಬಾವಿಗಳ, ಬಾಯಿ ಮುಚ್ಚಿದರು. ಜುಲೈವರೆಗೆ ಅದನ್ನು ತೆರೆಯಲಾಗಲಿಲ್ಲ. ಅಷ್ಟು ದಿನ ಆ ಊರಿನ ಹೆಂಗಸರು ಹೆಣಕ್ಕಾಗಿ ಕಾದರು.

ಇಂಥ ದುರಂತಗಳು ಆ ಸೀಮೆಗೆ ಹೊಸವಲ್ಲ. ಹೊಸದಾಗಿದ್ದುದು ಆ ಊರಿನ ಪಾದ್ರಿ ಜಾನ್ ಹಾಡ್ಜ್‌ಸನ್ ಮಾಡಿದ ಕೆಲಸ. ಗಣಿಯ ಸುದ್ದಿ ಹೊರಬೀಳುವುದು ಮಾಲೀಕರಿಗೆ ಹಿಡಿಸದೆಂದು ತಿಳಿದೂ ಅವರು ನಡೆದದ್ದನ್ನೆಲ್ಲ ಬರೆದು, ಮಡಿದವರ ಹೆಸರು ವಯಸ್ಸುಗಳೊಡನೆ ಅಚ್ಚು ಹಾಕಿಸಿದರು. ಕೂಲಿಗಳ ಸಾವನ್ನು ಹೀಗೆ ಹೆಸರು ಹಿಡಿದು ದಾಖಲಿಸಿದ ಆ ಹೊತ್ತಗೆಯನ್ನು ನಾನು ಯಾವ ಕಾಯಿದೆಗೂ ಕಡಿಮೆಯೆಂದು ಎಣಿಸಲಾರೆ. ಅದರ ಕಾವಿನಲ್ಲಿಯೇ ಮರುವರ್ಷ ಸಂಡರ್ಲೆಂಡ್ ಪಟ್ಟಣದಲ್ಲಿ ಗಣಿ ದುರಂತಗಳನ್ನು ತಡೆಯುವ ಸಂಘವೊಂದು ಹುಟ್ಟಿತು. ಆ ಸಂಘವೇ ಮುಂದೆ ಲಂಡನ್ನಿನ ಮಹಾವಿಜ್ಞಾನಿ ಹಂಫ್ರಿ ಡೇವಿಯ ಬಾಗಿಲು ತಟ್ಟಿತು.

1815ರ ಬೇಸಗೆಯ ಕೊನೆಗೆ ಡೇವಿ ಗಣಿನಾಡಿಗೆ ಬಂದು ವಾಲ್ಸೆಂಡ್ ಗಣಿಯ ಮೇಲ್ವಿಚಾರಕ ಜಾನ್ ಬಡಲ್‌ನನ್ನು ಕಂಡರು. ಗಣಿಯ ಅನಿಲವನ್ನು ತರಿಸಿಕೊಂಡು ಪ್ರಯೋಗಾಲಯದಲ್ಲಿ ಉರಿಸಿ ನೋಡಿದರು. ಸಣ್ಣ ಕಂಡಿಗಳ ತಂತಿ ಜಾಲರಿಯೊಳಗೆ ಜ್ವಾಲೆಯನ್ನಿಟ್ಟರೆ ಲೋಹವು ಅದರ ಶಾಖವನ್ನು ಹೀರುತ್ತದೆ, ಹೊರಗಿನ ಅನಿಲಕ್ಕೆ ಉರಿ ದಾಟುವುದಿಲ್ಲ ಎಂದು ಕಂಡುಕೊಂಡರು. ಚದರ ಅಂಗುಲಕ್ಕೆ 784 ಕಂಡಿಗಳ ಜಾಲರಿ ಸಿದ್ಧವಾಯಿತು. 1816ರ ಜನವರಿಯಲ್ಲಿ ಹೆಬರ್ನ್ ಗಣಿಯಲ್ಲಿ ದೀಪವನ್ನು ಕೆಳಗಿಳಿಸಿ ಪರೀಕ್ಷಿಸಿದರು. ಅದೇ ಕಾಲಕ್ಕೆ ಕಿಲ್ಲಿಂಗ್‌ವರ್ತ್ ಗಣಿಯಲ್ಲಿ ಜಾರ್ಜ್ ಸ್ಟೀಫನ್ಸನ್ ಕೂಡ ತನ್ನದೊಂದು ದೀಪವನ್ನು ಮಾಡಿದ್ದ. ಮೊದಲು ಮಾಡಿದವರು ಯಾರೆಂಬ ಜಗಳ ಬಹುಕಾಲ ನಡೆಯಿತು. ಡೇವಿ ಪೇಟೆಂಟ್ ಪಡೆಯಲಿಲ್ಲ. ಅದರಿಂದ ವರ್ಷಕ್ಕೆ ಸಾವಿರಾರು ಪೌಂಡ್ ಬರುತ್ತದೆಂದು ಬಡಲ್ ಹೇಳಿದರೂ ಕೇಳಲಿಲ್ಲ.

ಹದಿನೆಂಟು ವರ್ಷಗಳಾದ ಮೇಲೆ ಅದರ ಫಲವೇನೆಂದು ನೋಡುವ ಕಾಲ ಬಂತು. 1835ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ಗಣಿ ಅಪಘಾತಗಳ ವಿಚಾರಣೆಗೆ ಕುಳಿತಿತು. ಡರ್ಹಂ ಮತ್ತು ನಾರ್ತಂಬರ್ಲೆಂಡ್ ಸೀಮೆಗಳಲ್ಲಿ ದೀಪ ಬರುವುದಕ್ಕೆ ಹಿಂದಿನ 18 ವರ್ಷಗಳಲ್ಲಿ ಸತ್ತವರು 447 ಮಂದಿ. ದೀಪ ಬಂದ ಮೇಲಿನ 18 ವರ್ಷಗಳಲ್ಲಿ 538 ಮಂದಿ. ಜೀವರಕ್ಷಕವೆಂದು ಹೆಸರಾದ ಸಾಧನ ಬಂದ ಮೇಲೆ ಸಾವಿನ ಸಂಖ್ಯೆ ಏರಿತ್ತು.

ಈ ಅಂಕಿಗಳನ್ನು ದುಡುಕದೆ ಓದಬೇಕು. ಆ ಅವಧಿಯಲ್ಲಿ ಗಣಿಗಳು ಹೆಚ್ಚಿದ್ದವು, ಇಳಿಯುವ ಆಳುಗಳು ಹೆಚ್ಚಿದ್ದರು, ಮೇಲೆ ಬರುವ ಕಲ್ಲಿದ್ದಲೂ ಹೆಚ್ಚಿತ್ತು. ದೀಪ ಉಳಿಸಿದ ಜೀವಗಳು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಆದರೆ ಅಷ್ಟಕ್ಕೇ ಸಮಾಧಾನ ಹೇಳಿಕೊಂಡರೆ ಸತ್ತವರಿಗೆ ಅನ್ಯಾಯವಾಗುತ್ತದೆ. ಮೇಣದ ಬತ್ತಿ ಹಿಡಿದು ಕಾಲಿಡಲಾಗದೆ ಬಿಟ್ಟಿದ್ದ ಅನಿಲಭರಿತ ಪದರಗಳಿಗೆ ಈಗ ದೀಪದ ಧೈರ್ಯದಲ್ಲಿ ಜನರನ್ನು ಇಳಿಸಿದರು. ಛಾವಣಿಗೆ ಆಸರೆಯಾಗಿ ಉಳಿಸಿದ್ದ ಕಲ್ಲಿದ್ದಲ ಕಂಬಗಳನ್ನೂ ಕಡಿಸಿದರು. ದೀಪವಿದೆಯೆಂಬ ನೆಪದಲ್ಲಿ ಗಾಳಿಯಾಡುವ ದಾರಿಗಳ ಖರ್ಚು ಉಳಿಸಿದರು. ಬಿರುಸಾದ ಗಾಳಿ ಬೀಸಿದರೆ ಜ್ವಾಲೆ ಜಾಲರಿಯನ್ನು ದಾಟೀತೆಂದು ಡೇವಿ ತಾವೇ ಎಚ್ಚರಿಸಿದ್ದರು. ಆ ಎಚ್ಚರಿಕೆ ಎಲ್ಲ ಕಡೆ ಪಾಲನೆಯಾಗಲಿಲ್ಲ. ಜಾಲರಿ ತುಕ್ಕು ಹಿಡಿಯುತ್ತಿತ್ತು, ಹರಿಯುತ್ತಿತ್ತು. ಬೆಳಕೋ ಬಹು ಮಂದ. ಕಡಿದಷ್ಟಕ್ಕೆ ಕೂಲಿ ಪಡೆಯುವವನು ಕಣ್ಣು ಕಾಣದೆ ಎಷ್ಟು ಕಡಿದಾನು? ಜಾಲರಿ ತೆಗೆದು ಕೆಲಸ ಮಾಡಿದವರಿದ್ದರು. ಅವರನ್ನು ಉಡಾಫೆಯವರೆಂದು ಬಯ್ಯುವುದು ಸುಲಭ. ಮಂದ ಬೆಳಕಿಗೆ ತಕ್ಕಂತೆ ಕೂಲಿಯ ದರ ಏರಿಸಬೇಕಾಗಿದ್ದುದು ಮಾಲೀಕರ ಹೊಣೆಯಾಗಿತ್ತು.

ಸಮಿತಿ ಕುಳಿತ ವರ್ಷವೇ, ಜೂನ್ 18ರಂದು, ವಾಲ್ಸೆಂಡ್ ಗಣಿ ಸಿಡಿದು 102 ಮಂದಿ ಸತ್ತರು. ಡೇವಿಗೆ ನೆರವಾದ, ದೀಪವನ್ನು ಮೊದಲು ಮೆಚ್ಚಿಕೊಂಡವರಲ್ಲಿ ಒಬ್ಬನಾದ ಬಡಲ್‌ನ ಗಣಿ ಅದು.

ಮುಂದಿನ ಕಾನೂನುಗಳು ನಿಧಾನವಾಗಿ ಬಂದವು. 1842ರ ಕಾಯಿದೆ ಹೆಂಗಸರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ನೆಲದಡಿಯ ದುಡಿಮೆಯಿಂದ ಬಿಡಿಸಿತು. 1850ರಲ್ಲಿ ಕಲ್ಲಿದ್ದಲು ಗಣಿಗಳಿಗೆ ಸರ್ಕಾರಿ ಇನ್‌ಸ್ಪೆಕ್ಟರುಗಳು ನೇಮಕವಾದರು. ಮಾಲೀಕನೇ ತನ್ನ ಗಣಿಯ ಸುರಕ್ಷತೆಗೆ ತಾನೇ ಸಾಕ್ಷಿ ಹೇಳುವ ಕಾಲ ಅಲ್ಲಿಂದ ಮುಗಿಯತೊಡಗಿತು. 1862ರ ಜನವರಿ 16ರಂದು ಹಾರ್ಟ್‌ಲಿ ಗಣಿಯಲ್ಲಿ ನೀರೆತ್ತುವ ಯಂತ್ರದ ದೈತ್ಯ ತೊಲೆ ಮುರಿದು, ಇದ್ದೊಂದೇ ಶಾಫ್ಟಿನೊಳಗೆ ಬಿದ್ದು ದಾರಿ ಮುಚ್ಚಿತು. 204 ಜನ ಸತ್ತರು. ಹೆಚ್ಚಿನವರು ಒಳಗೆ ಸಿಕ್ಕಿ ಉಸಿರುಕಟ್ಟಿ ಸತ್ತವರು. ಅದೇ ವರ್ಷ, ಗಣಿಗೆ ಎರಡು ಶಾಫ್ಟ್ ಇರಲೇಬೇಕೆಂಬ ಕಾನೂನು ಬಂತು. ಡೇವಿಯ ದೀಪಕ್ಕಿಂತ ಈ ಎರಡನೆಯ ಬಾವಿಯೇ ದೊಡ್ಡ ಸುರಕ್ಷತೆ ಎಂಬುದು ನನ್ನ ದೃಢವಾದ ಮತ. ಅದು ಕೂಲಿಯವನ ಕೈಯ ಎಚ್ಚರವನ್ನು ನೆಚ್ಚಲಿಲ್ಲ, ಅವನ ಹೊಟ್ಟೆಪಾಡಿಗೂ ಜೀವಕ್ಕೂ ಪೈಪೋಟಿ ಹಚ್ಚಲಿಲ್ಲ. ಖರ್ಚನ್ನು ಲಾಭ ಪಡೆಯುವವನ ಮೇಲೆ ಹೊರಿಸಿತು.

ಈ ಪಾಠಗಳು ಹಡಗು ಹತ್ತಿ ಭಾರತಕ್ಕೆ ಬರಲು ಇನ್ನೂ ದಶಕಗಳು ಹಿಡಿದವು. ಇಲ್ಲಿ ಮೊದಲ ಗಣಿ ಇನ್‌ಸ್ಪೆಕ್ಟರ್ ಜೇಮ್ಸ್ ಗ್ರಂಡಿ ನೇಮಕವಾದದ್ದು 1890ರ ದಶಕದಲ್ಲಿ. 1897ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ, ಮೈಸೂರು ಮೈನ್‌ನಲ್ಲಿ, 52 ಮಂದಿ ಪ್ರಾಣ ಬಿಟ್ಟರು. ಬಲೂಚಿಸ್ತಾನದ ಖೋಸ್ತ್ ಕಲ್ಲಿದ್ದಲು ಗಣಿಯಲ್ಲಿ 47 ಮಂದಿ. 1901ರಲ್ಲಿ ಭಾರತದ ಗಣಿ ಕಾಯಿದೆ ಹೊರಬಿತ್ತು.

ಇಂದು ಕಾರ್ಖಾನೆ, ಗಣಿ, ಕಟ್ಟಡದ ಕೆಲಸಗಳ ಸುರಕ್ಷತಾ ವರದಿ ಓದುವವರಲ್ಲಿ ನನ್ನದೊಂದು ಕೋರಿಕೆ. ಎಷ್ಟು ಹೆಲ್ಮೆಟ್ ಹಂಚಿದರು, ಎಷ್ಟು ತರಬೇತಿ ಶಿಬಿರ ನಡೆಸಿದರು ಎಂಬ ಪುಟಕ್ಕೆ ನಿಲ್ಲಬೇಡಿ. ಹಿಂದಿನ ಹದಿನೆಂಟು ವರ್ಷಗಳಲ್ಲಿ ಸತ್ತವರೆಷ್ಟು, ಗಾಯಗೊಂಡವರೆಷ್ಟು, ಗುತ್ತಿಗೆ ಕೂಲಿಗಳ ಹೆಸರೂ ಆ ಪಟ್ಟಿಯಲ್ಲಿದೆಯೇ ಎಂದು ಕೇಳಿ. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.